ಮೊದಲ ಟ್ರ್ಯಾಕ್ ಡೇಗೆ ಯಾವ ರೇಸ್ ಟ್ರ್ಯಾಕ್ ಆರಿಸಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳದ ಸವಾರರಿಗೊಂದು ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳನ್ನು ಜಾಲಾಡಿದರೂ ಒಂದು ರೇಸ್ ಟ್ರ್ಯಾಕ್ ಸಿಗುವುದಿಲ್ಲ. ರೇಸಿಗೆಂದೇ ಹುಟ್ಟಿದಂತಿರುವ ಬೈಕುಗಳಿಗೆ ಮಾತ್ರ ಬರವಿಲ್ಲ. ಸಂಜೆ ಹೊತ್ತು ಬಳ್ಳಾರಿಯ ರಾಯಲ್ ಸರ್ಕಲ್ ಬಳಿ ಸ್ವಲ್ಪ ಹೊತ್ತು ನಿಂತರೆ ಸಾಕು, ಆರ್15, ಆರ್‌ಸಿ 390, ಅಪಾಚೆ, ನಿಂಜಾ ಒಂದರ ಹಿಂದೊಂದು ಸದ್ದು ಮಾಡಿಕೊಂಡು ಹೋಗುತ್ತವೆ. ಅವುಗಳ ತಾಕತ್ತು ನೋಡಲು ನಮ್ಮ ಹುಡುಗರು ಕಂಡುಕೊಂಡಿರುವ ಜಾಗ ಹೆದ್ದಾರಿ. ನಸುಕಿನಲ್ಲಿ ತೋರಣಗಲ್ಲಿನ ಕಡೆಗೋ ಕುಷ್ಟಗಿಯ ಕಡೆಗೋ ಹೋಗಿ ಎಳೆದು ಬರುತ್ತಾರೆ. ಎದುರಿಗೆ ಅದಿರು ತುಂಬಿದ ಟಿಪ್ಪರ್, ಡಿವೈಡರ್ ಸಂದಿಯಿಂದ ನುಗ್ಗುವ ಎಮ್ಮೆ, ಸುಗ್ಗಿಯಲ್ಲಾದರೆ ಅರ್ಧ ರಸ್ತೆಯ ತುಂಬ ಒಣಹಾಕಿದ ಭತ್ತ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 10,000ಕ್ಕೆ, ಜೈಲು ಒಂದು ವರ್ಷಕ್ಕೆ ಏರಬಹುದು. ಟಿಪ್ಪರ್ ಕೊಡುವ ಶಿಕ್ಷೆಯ ಮುಂದೆ ಇದೇನೂ ಅಲ್ಲ ಎನ್ನುವುದು ಬೇರೆ ಮಾತು.

ಟ್ರ್ಯಾಕ್ ಡೇ ಎಂದರೆ ಸ್ಪರ್ಧೆಯಲ್ಲ. ರೇಸ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದ ಆಯೋಜಕರು ಸವಾರರನ್ನು ಅನುಭವದ ಪ್ರಕಾರ ಗುಂಪು ಮಾಡಿ, ಸಾಮಾನ್ಯವಾಗಿ 15–20 ನಿಮಿಷಗಳ ಸರದಿಯಲ್ಲಿ ಬಿಡುತ್ತಾರೆ. ಗೆಲ್ಲುವವರಿಲ್ಲ, ಕಪ್ ಇಲ್ಲ. ಎಲ್ಲ ವಾಹನಗಳೂ ಒಂದೇ ದಿಕ್ಕಿಗೆ ಹೋಗುತ್ತವೆ, ತಿರುವಿನಲ್ಲಿ ಬಾವುಟ ಹಿಡಿದು ಮಾರ್ಷಲ್ ನಿಂತಿರುತ್ತಾನೆ, ಬಿದ್ದರೆ ಎತ್ತಲು ಆಂಬುಲೆನ್ಸ್ ಇರುತ್ತದೆ. ಇದಕ್ಕೆ ಸಾಮಾನ್ಯವಾಗಿ ರೇಸಿಂಗ್ ಲೈಸೆನ್ಸ್ ಬೇಕಾಗಿಲ್ಲ, ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಕೇಳುತ್ತಾರೆ.

ಹೋಗುವುದೆಂದು ತೀರ್ಮಾನಿಸಿದ ಮೇಲೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ದೇಶದ ಅತಿ ದೊಡ್ಡ ಟ್ರ್ಯಾಕ್ ಯಾವುದು?" ಈ ಪ್ರಶ್ನೆಯೇ ತಪ್ಪು. ಮೊದಲ ದಿನಕ್ಕೆ ಬೇಕಾದದ್ದು ತಪ್ಪು ಮಾಡಿದರೆ ಅಗ್ಗದಲ್ಲಿ ಮುಗಿಯುವ ಟ್ರ್ಯಾಕ್. ಹೆಸರು, ಉದ್ದ, ಅಲ್ಲಿ ಯಾರು ಯಾವಾಗ ಗೆದ್ದರು ಎಂಬುದೆಲ್ಲ ಆಮೇಲಿನ ಮಾತು.

ಹಂತ 1: ಇರುವ ಟ್ರ್ಯಾಕ್‌ಗಳ ಜಾತಕ ತಿಳಿಯಿರಿ

ನಮ್ಮವರು ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೂರು ಟ್ರ್ಯಾಕ್‌ಗಳನ್ನು.

ಮೊದಲನೆಯದು ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. 2003ರಲ್ಲಿ ಶುರುವಾದ ಈ ಟ್ರ್ಯಾಕಿನ ಉದ್ದ ಸುಮಾರು 2 ಕಿ.ಮೀ. ಫಾರ್ಮುಲಾ ಮಾರುತಿ ಎಂಬ ಅಗ್ಗದ ರೇಸ್ ಕಾರನ್ನು ಕಟ್ಟಿ, ಒಂದು ತಲೆಮಾರಿನ ಚಾಲಕರಿಗೆ ದಾರಿ ಮಾಡಿಕೊಟ್ಟ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಚಿಕ್ಕ ಟ್ರ್ಯಾಕ್, ಒತ್ತೊತ್ತಾದ ತಿರುವುಗಳು, ಉಸಿರು ಬಿಡುವಷ್ಟು ಉದ್ದದ ನೇರ ದಾರಿ ಕಡಿಮೆ. ದೊಡ್ಡ ಬೈಕಿನವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ.

ಎರಡನೆಯದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್. ಎರಡನೇ ಮಹಾಯುದ್ಧದ ಕಾಲದ ಶೋಲಾವರಂ ವಿಮಾನಪಟ್ಟಿಯಲ್ಲಿ ವರ್ಷಗಟ್ಟಲೆ ರೇಸ್ ನಡೆಸಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಕಟ್ಟಿಕೊಂಡ ಸ್ವಂತ ಮನೆ ಇದು. ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಎಂದೇ ಹೆಸರುವಾಸಿ, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕೀಟ್ ಎನ್ನುತ್ತಾರೆ. ಉದ್ದ 3.7 ಕಿ.ಮೀ., ತಿರುವುಗಳು 12. ಬೆಂಗಳೂರು–ಚೆನ್ನೈ ಹೆದ್ದಾರಿಗೆ ಅಂಟಿಕೊಂಡಂತಿರುವುದರಿಂದ ನಮಗೆ ಹೋಗಿ ಬರುವುದು ಸುಲಭ. ಆದರೆ ಇಲ್ಲಿನ ಮೊದಲ ತಿರುವು, ಸವಾರರು 'ಸಿ1' ಎಂದು ಕರೆಯುವುದು, ನೇರ ದಾರಿಯ ಪೂರ್ತಿ ವೇಗದಲ್ಲಿ ಬಂದು ಬಲಕ್ಕೆ ಬಾಗಿಸಬೇಕಾದ ತಿರುವು. ಅನುಭವಿಗಳು ಅದನ್ನು ಪ್ರೀತಿಸುತ್ತಾರೆ. ಹೊಸಬರು ಮೊದಲ ಸರದಿಯಲ್ಲೇ ಅನುಭವಿಗಳ ವೇಗಕ್ಕೆ ಆಸೆಪಟ್ಟರೆ ಕಷ್ಟ. 2023ರ ಆಗಸ್ಟ್‌ನಲ್ಲಿ ಈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ರೇಸ್ ನಡೆಯುವಾಗ ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಬಾಲಕನೊಬ್ಬ ಬಿದ್ದು ತೀರಿಕೊಂಡ. ಅದು ರೇಸ್, ನೀವು ಹೋಗುತ್ತಿರುವುದು ಟ್ರ್ಯಾಕ್ ಡೇ, ಎರಡಕ್ಕೂ ವ್ಯತ್ಯಾಸವಿದೆ. ಆದರೂ ಟ್ರ್ಯಾಕ್ ಎಂದರೆ ಅಪಾಯವೇ ಇಲ್ಲದ ಜಾಗ ಎಂದು ಮನೆಯವರಿಗೆ ಸುಳ್ಳು ಹೇಳಬೇಡಿ.

ಮೂರನೆಯದು ದೆಹಲಿ ಪಕ್ಕದ ಗ್ರೇಟರ್ ನೊಯಿಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕೀಟ್. 2011ರಿಂದ 2013ರವರೆಗೆ ಫಾರ್ಮುಲಾ ಒನ್ ಕಾರ್ ರೇಸ್, 2023ರಲ್ಲಿ ಮೋಟೋಜಿಪಿ ಬೈಕ್ ರೇಸ್ ನಡೆದದ್ದು ಇಲ್ಲೇ. ಉದ್ದ 5.1 ಕಿ.ಮೀ., 16 ತಿರುವು, ಹಿಂಬದಿಯಲ್ಲಿ ಒಂದು ಕಿಲೋಮೀಟರಿನಷ್ಟು ನೇರ ದಾರಿ, ನಡುನಡುವೆ ಏರಿಳಿತ. ತಿರುವುಗಳ ಹೊರಗೆ ಜಾರಿ ಹೋಗಲು ಧಾರಾಳ ಜಾಗವಿದೆ, ಆ ದೃಷ್ಟಿಯಿಂದ ಇದು ಉದಾರ ಟ್ರ್ಯಾಕ್. ಆದರೆ ಬಳ್ಳಾರಿಯಿಂದ ಸುಮಾರು 1,800 ಕಿ.ಮೀ. ದೂರ. 200 ಸಿಸಿ ಬೈಕಿನಲ್ಲಿ ಆ ಉದ್ದದ ನೇರ ದಾರಿಯಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿ ಟ್ಯಾಂಕಿನ ಮೇಲೆ ಗದ್ದ ಊರಿಕೊಂಡು ಕಾಯುವುದೇ ಕೆಲಸವಾಗುತ್ತದೆ. ಕಾಯುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿಲ್ಲ, ಗುಂತಕಲ್ ಜಂಕ್ಷನ್ ಸಾಕು.

ಈಗ ಒಂದು ಸಣ್ಣ ಗಣಿತ. 20 ನಿಮಿಷದ ಸರದಿಯಲ್ಲಿ 2 ಕಿ.ಮೀ. ಟ್ರ್ಯಾಕನ್ನು ಹೊಸಬರೊಬ್ಬರು ಸುತ್ತಿಗೆ ಒಂದೂವರೆ ನಿಮಿಷದಂತೆ ಸುತ್ತಿದರೆ 13 ಸುತ್ತು ಆಗುತ್ತದೆ. 5.1 ಕಿ.ಮೀ. ಟ್ರ್ಯಾಕಿನಲ್ಲಿ ಸುತ್ತಿಗೆ ಮೂರು ನಿಮಿಷ ಹಿಡಿದರೆ ಆರೋ ಏಳೋ. ಚಿಕ್ಕ ಟ್ರ್ಯಾಕಿನಲ್ಲಿ ಒಂದು ತಿರುವಿಗೆ ತಪ್ಪಾಗಿ ಹೋದರೆ ತೊಂಬತ್ತು ಸೆಕೆಂಡಿನಲ್ಲಿ ಅದೇ ತಿರುವು ಮತ್ತೆ ಎದುರಾಗುತ್ತದೆ, ಆಗಿನ್ನೂ ತಪ್ಪು ನೆನಪಿನಲ್ಲಿರುತ್ತದೆ, ತಿದ್ದಿಕೊಳ್ಳಬಹುದು. ದೊಡ್ಡ ಟ್ರ್ಯಾಕಿನಲ್ಲಿ ಅದೇ ತಿರುವಿಗೆ ಮರಳುವ ಹೊತ್ತಿಗೆ ನಡುವೆ ಇನ್ನೂ ಹತ್ತಾರು ತಿರುವುಗಳು ಬಂದು ಮೊದಲನೆಯದು ಮಸುಕಾಗಿರುತ್ತದೆ. ಹೊಸಬರಿಗೆ ನಾನು ಕರಿ ಟ್ರ್ಯಾಕನ್ನೇ ಮೊದಲು ಹೇಳುವುದು ಇದೇ ಕಾರಣಕ್ಕೆ. ಒಳ್ಳೆಯ ತರಬೇತಿ ಜೊತೆಗಿದ್ದರೆ ಮಾತ್ರ ಚೆನ್ನೈ. ಬುದ್ಧ ಎರಡು ಮೂರು ವರ್ಷ ಕಾಯಲಿ.

ಹಂತ 2: ನಕ್ಷೆಯನ್ನು ಹೊರಗಿನಿಂದ ಓದಿ

ಟ್ರ್ಯಾಕ್ ನಕ್ಷೆ ಕೈಗೆ ಸಿಕ್ಕರೆ ಎಲ್ಲರ ಕಣ್ಣೂ ಟಾರಿನ ಮೇಲೆ ಓಡುತ್ತದೆ. ಅನುಭವಿ ತರಬೇತುದಾರ ನೋಡುವುದು ಟಾರಿನ ಹೊರಗೆ. ತಿರುವಿನಲ್ಲಿ ಹಿಡಿತ ತಪ್ಪಿದರೆ ಬೈಕು ಹೊರಕ್ಕೆ ಜಾರುತ್ತದೆ. ಹಾಗಾಗಿ ಪ್ರತಿ ತಿರುವಿನ ಹೊರಬದಿಯಲ್ಲಿ ಏನಿದೆ ಎಂಬುದೇ ನಿಮ್ಮ ಮೊದಲ ದಿನದ ಭವಿಷ್ಯ.

ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆರೆಯಿರಿ, ಟ್ರ್ಯಾಕಿನ ಹೆಸರು ಹಾಕಿ, ದೊಡ್ಡದು ಮಾಡಿ. ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಟ್ರ್ಯಾಕಿನ ಆಕಾರವನ್ನು ಕೈಯಿಂದಲೇ ಬರೆಯಿರಿ. ಕೈಯಿಂದ ಬರೆದರೆ ತಿರುವುಗಳ ಸರದಿ ತಾನಾಗಿ ತಲೆಯಲ್ಲಿ ಕೂರುತ್ತದೆ. ನಂತರ ಮೂರು ಬಣ್ಣದ ಪೆನ್ನು ತೆಗೆದುಕೊಳ್ಳಿ. ಹೊರಗೆ ಸಮತಟ್ಟಾದ ಮಣ್ಣೋ ಹುಲ್ಲೋ ಜಲ್ಲಿಯೋ ಅಗಲವಾಗಿ ಹರಡಿದ್ದರೆ ಹಸಿರು ಗುರುತು. ಟೈರ್ ಜೋಡಿಸಿದ ತಡೆಗೋಡೆ ಹತ್ತಿರದಲ್ಲೇ ಇದ್ದರೆ ನೀಲಿ. ಕಾಂಕ್ರೀಟ್ ಗೋಡೆ, ಲೋಹದ ಬೇಲಿ, ಕಂಬ, ಚರಂಡಿ ಏನಾದರೂ ಟಾರಿನ ಅಂಚಿಗೆ ಬಂದಿದ್ದರೆ ಕೆಂಪು. ಕೊನೆಗೆ ನಕ್ಷೆಯ ದೂರ ಅಳೆಯುವ ಸೌಲಭ್ಯದಿಂದ ಪ್ರತಿ ತಿರುವಿಗೆ ಮುಂಚಿನ ನೇರ ದಾರಿಯ ಉದ್ದವನ್ನು ಅಳೆದು ಪಕ್ಕದಲ್ಲಿ ಬರೆಯಿರಿ. ಉದ್ದದ ನೇರ ದಾರಿ ಮುಗಿಯುವಲ್ಲಿ ಕೆಂಪು ಗುರುತು ಬಿದ್ದರೆ, ಆ ತಿರುವಿನಲ್ಲಿ ನಿಮ್ಮ ವೇಗ ಎಷ್ಟಿರಬೇಕೆಂದು ಊರಲ್ಲೇ ತೀರ್ಮಾನಿಸಿಕೊಂಡು ಹೋಗಿ. ಅಂಥ ಕೆಂಪು ಎರಡು ಮೂರು ಕಡೆ ಬಿದ್ದರೆ ಟ್ರ್ಯಾಕನ್ನೇ ಬದಲಿಸಿ.

ಇಷ್ಟೇಕೆ ಎಂದರೆ, ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಒಣ ಟಾರು, ಒಳ್ಳೆಯ ಟೈರು, ಹೊಸಬರ ಕೈಯಲ್ಲಿ ತಕ್ಕಮಟ್ಟಿನ ಬ್ರೇಕು ಎಂದು ಲೆಕ್ಕ ಹಾಕಿದರೆ ಗಂಟೆಗೆ 80 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 36 ಮೀಟರ್ ಬೇಕು. 120ಕ್ಕೆ 80 ಮೀಟರ್. 160ಕ್ಕೆ 140 ದಾಟುತ್ತದೆ. ಬ್ರೇಕ್ ಹಿಡಿಯಲು ಒಂದೇ ಸೆಕೆಂಡ್ ತಡವಾದರೂ 160ರಲ್ಲಿ ಇನ್ನೊಂದು 44 ಮೀಟರ್ ಹೋಗಿರುತ್ತೀರಿ. ಇದು ಟಾರಿನ ಮೇಲಿನ ಲೆಕ್ಕ. ಮಣ್ಣಿಗೆ ಇಳಿದ ಮೇಲೆ ಬ್ರೇಕ್ ಹೆಚ್ಚು ಕೆಲಸ ಮಾಡುವುದಿಲ್ಲ. ಆದ್ದರಿಂದ ಮುಟ್ಟಬಹುದಾದ ಗರಿಷ್ಠ ವೇಗ ಕಡಿಮೆ ಇರುವ ಟ್ರ್ಯಾಕಿನಲ್ಲಿ ಗೋಡೆ ಸ್ವಲ್ಪ ಹತ್ತಿರವಿದ್ದರೂ ನಡೆಯುತ್ತದೆ, ವೇಗದ ಟ್ರ್ಯಾಕಿನಲ್ಲಿ ನಡೆಯುವುದಿಲ್ಲ.

ಹಾಳೆ ತಯಾರಾದ ಮೇಲೆ ಆ ಟ್ರ್ಯಾಕಿನಲ್ಲಿ ಯಾರಾದರೂ ಹೆಲ್ಮೆಟ್ಟಿಗೋ ಬೈಕಿಗೋ ಕ್ಯಾಮೆರಾ ಕಟ್ಟಿಕೊಂಡು ಓಡಿಸಿದ ವಿಡಿಯೊ ಹುಡುಕಿ ನೋಡಿ. ಎರಡನೇ ಸಲ ನೋಡುವಾಗ ಧ್ವನಿ ಮಾತ್ರ ಕೇಳಿಸಿಕೊಳ್ಳಿ. ಎಂಜಿನ್ ಸದ್ದು ಎಲ್ಲಿ ಇಳಿಯುತ್ತದೋ ಅಲ್ಲಿ ಬ್ರೇಕ್, ಎಲ್ಲಿ ಏರುತ್ತದೋ ಅಲ್ಲಿ ತಿರುವಿನಿಂದ ಹೊರಗೆ. ವೇಗದ ಸವಾರನ ವಿಡಿಯೊಗಿಂತ ನಿಧಾನದವನ ವಿಡಿಯೊ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 3: ಟ್ರ್ಯಾಕಿನಷ್ಟೇ ಮುಖ್ಯ, ಅಂದಿನ ಆಯೋಜಕರು

ಒಂದೇ ಟ್ರ್ಯಾಕಿನಲ್ಲಿ ಒಂದು ಭಾನುವಾರ ಹೊಸಬರಿಗೆ ಸ್ವರ್ಗ, ಮುಂದಿನ ಭಾನುವಾರ ನರಕ ಆಗಬಹುದು. ವ್ಯತ್ಯಾಸ ಇರುವುದು ದಿನವನ್ನು ನಡೆಸುವವರಲ್ಲಿ. ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಈ ಕೆಳಗಿನವನ್ನು ಕೇಳಿ. ಉತ್ತರ ಹೇಳಲು ಬೇಸರಪಡುವವರ ಬಳಿ ಹೋಗಬೇಡಿ.

ಹೊಸಬರ ಗುಂಪು ಬೇರೆ ಇದೆಯೇ? 150 ಸಿಸಿ ಬೈಕಿನ ಹೊಸಬರನ್ನೂ 1000 ಸಿಸಿ ಬೈಕಿನ ಹಳಬರನ್ನೂ ಒಟ್ಟಿಗೆ ಬಿಡುವ ಕಡೆ ತಿರುವಿನ ನಡುವೆ ಪಕ್ಕದಿಂದ ಸಿಡಿಲಿನಂತೆ ಒಬ್ಬರು ಹಾದುಹೋಗುತ್ತಾರೆ. ನೀವು ಬೆಚ್ಚಿ ಬ್ರೇಕ್ ಹಿಡಿಯುತ್ತೀರಿ. ಬಾಗಿದ ಬೈಕಿನಲ್ಲಿ ಬೆಚ್ಚಿ ಬ್ರೇಕ್ ಹಿಡಿದರೆ ಬೀಳುವುದೇ.

ಒಂದು ಸರದಿಗೆ ಎಷ್ಟು ಬೈಕು ಬಿಡುತ್ತಾರೆ? ಚಿಕ್ಕ ಟ್ರ್ಯಾಕಿನಲ್ಲಿ ಮೂವತ್ತು ಬೈಕು ತುಂಬಿದರೆ ಅದು ಟ್ರ್ಯಾಕಾಗಿ ಉಳಿಯುವುದಿಲ್ಲ, ಗಂಗಾವತಿಯ ಸಂತೆ ದಿನದ ರಸ್ತೆಯಾಗುತ್ತದೆ.

ತರಬೇತುದಾರರು ಟ್ರ್ಯಾಕಿಗೆ ಇಳಿಯುತ್ತಾರೋ, ಮೈಕ್ ಹಿಡಿದು ಬೆಳಗ್ಗೆ ಭಾಷಣ ಮಾಡಿ ಮಾಯವಾಗುತ್ತಾರೋ? ಮೊದಲ ಕೆಲವು ಸುತ್ತು ಅವರ ಹಿಂದೆ ನಿಧಾನಕ್ಕೆ ಹೋಗಿ, ಎಲ್ಲಿ ಹೊರ ಅಂಚಿನಲ್ಲಿರಬೇಕು, ಎಲ್ಲಿ ಒಳಗೆ ಕತ್ತರಿಸಬೇಕು ಎಂಬ ಸಾಲನ್ನು ಕಣ್ಣಾರೆ ನೋಡುವಂತಿರಬೇಕು. ಸರದಿ ಮುಗಿದ ಮೇಲೆ ನಿಮ್ಮೊಬ್ಬರ ತಪ್ಪನ್ನೇ ಹಿಡಿದು ಮಾತನಾಡುವವರು ಬೇಕು. ಅಮೆರಿಕದಲ್ಲಿ 1980ರಲ್ಲಿ ಕೀತ್ ಕೋಡ್ ಕಟ್ಟಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈ ಟ್ರ್ಯಾಕಿಗೆ ಬಂದು ಹೀಗೆಯೇ ಪಾಠ ಮಾಡಿದೆ: ಒಂದು ಸರದಿಗೆ ಒಂದೇ ವಿಷಯ, ಅದನ್ನೇ ಅಭ್ಯಾಸ, ಆಮೇಲೆ ತಿದ್ದುಪಡಿ. ಅದರ ಶುಲ್ಕ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಆದರೆ ಆ ಕ್ರಮವನ್ನು ಅನುಸರಿಸುವ ನಮ್ಮವರೇ ಆದ ತರಬೇತುದಾರರಿದ್ದಾರೆ. ಬೈಕ್ ಕಂಪನಿಗಳು ತಮ್ಮ ಗ್ರಾಹಕರಿಗಾಗಿ ನಡೆಸುವ ಟ್ರ್ಯಾಕ್ ದಿನಗಳನ್ನೂ ವಿಚಾರಿಸಿ. ನಿಮ್ಮ ಊರಿನ ಶೋರೂಮಿನಲ್ಲಿ ಕೇಳಿದರೆ ಮೊದಲು ತಲೆ ಅಲ್ಲಾಡಿಸುತ್ತಾರೆ. ಎರಡು ಮೂರು ಸಲ ಕೇಳಿದರೆ ಮೇಲಿನವರಿಗೆ ಫೋನ್ ಮಾಡುತ್ತಾರೆ.

ಓವರ್‌ಟೇಕ್ ನಿಯಮ ಏನು? ಹೊಸಬರ ಗುಂಪಿನಲ್ಲಿ ನೇರ ದಾರಿಯಲ್ಲಿ ಮಾತ್ರ, ಅಥವಾ ತಿರುವಿನಲ್ಲಾದರೆ ಹೊರಗಿನಿಂದ ಮಾತ್ರ ಹಾದುಹೋಗಬೇಕು ಎಂಬ ಕಟ್ಟುನಿಟ್ಟು ಇದ್ದರೆ ಒಳ್ಳೆಯದು.

ಆಂಬುಲೆನ್ಸ್ ಎಷ್ಟು, ಅದರಲ್ಲಿ ವೈದ್ಯರಿರುತ್ತಾರೆಯೇ, ಗಾಯಾಳುವನ್ನು ಹೊತ್ತು ಅದು ಆಸ್ಪತ್ರೆಗೆ ಹೋದರೆ ಟ್ರ್ಯಾಕ್ ನಿಲ್ಲಿಸುತ್ತಾರೆಯೇ? ಕೊನೆಯ ಪ್ರಶ್ನೆಗೆ "ಹೌದು, ವಾಪಸು ಬರುವವರೆಗೆ ಯಾರನ್ನೂ ಬಿಡುವುದಿಲ್ಲ" ಎಂಬ ಉತ್ತರವೇ ಬರಬೇಕು. ಬೇರೆ ಯಾವ ಉತ್ತರ ಬಂದರೂ ಫೋನ್ ಇಡಿ.

ಮಳೆ ಬಂದರೆ ಹಣ ವಾಪಸೋ, ಮುಂದಿನ ದಿನಾಂಕವೋ? ಟ್ರ್ಯಾಕಿನ ತಡೆಗೋಡೆಗೆ ಹಾನಿಯಾದರೆ ಯಾರು ಕಟ್ಟಬೇಕು? ಸಂಸ್ಥೆಯ ಬೈಕ್ ತೆಗೆದುಕೊಂಡರೆ, ಬಿದ್ದಾಗ ಎಷ್ಟರವರೆಗೆ ನಿಮ್ಮ ಹೊಣೆ? ಇವಿಷ್ಟನ್ನೂ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಹಂತ 4: ತಿಂಗಳು ನೋಡಿ ದಿನಾಂಕ ಹಿಡಿಯಿರಿ

ನಮ್ಮ ಕಡೆಯವರು ಎಡವುವುದು ಇಲ್ಲಿ. ನಮಗೆ ಮಳೆ ಎಂದರೆ ಜೂನ್‌ನಿಂದ ಸೆಪ್ಟೆಂಬರ್. ದಸರೆ ಕಳೆದರೆ ಆಕಾಶ ತಿಳಿಯಾಯಿತು ಎಂದು ಲೆಕ್ಕ. ಚೆನ್ನೈನಲ್ಲಿ ಉಲ್ಟಾ. ಅಲ್ಲಿ ಈಶಾನ್ಯ ಮಾರುತದ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸುರಿಯುತ್ತದೆ. ದೀಪಾವಳಿ ರಜೆ ಇದೆಯಲ್ಲ ಎಂದು ಆಗ ಚೆನ್ನೈ ಟ್ರ್ಯಾಕ್ ಹಿಡಿದರೆ ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ವಾಹನ ನಿಲ್ಲಿಸುವ ಶೆಡ್ಡಿನಲ್ಲಿ ಕುಳಿತು ಮಳೆ ನೋಡಬೇಕಾಗುತ್ತದೆ. ಜನವರಿ, ಫೆಬ್ರವರಿ ತಿಂಗಳು ಚೆನ್ನೈ, ಕೊಯಮತ್ತೂರು ಎರಡೂ ಊರಿಗೂ ಉತ್ತಮ. ಕೊಯಮತ್ತೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪಾಲಕ್ಕಾಡ್ ಕಣಿವೆಯಿಂದ ಗಾಳಿ ಬೀಸುತ್ತದೆ, ಹವೆ ತಂಪು, ಆದರೆ ಹಗುರ ಬೈಕಿಗೆ ಅಡ್ಡಗಾಳಿ ತೊಂದರೆ ಕೊಡಬಹುದು. ಏಪ್ರಿಲ್, ಮೇ ತಿಂಗಳು ಬೇಡ. ರಾಯಚೂರಿನ ಬಿಸಿಲಿಗೆ ಹುಟ್ಟಿ ಬೆಳೆದವರು ಎಂಬ ಜಂಬ ಚರ್ಮದ ಸೂಟ್ ತೊಟ್ಟು ಚೆನ್ನೈನ ಸೆಕೆಯಲ್ಲಿ ಹತ್ತು ನಿಮಿಷ ನಿಂತರೆ ಕರಗಿಹೋಗುತ್ತದೆ. ನಮ್ಮದು ಒಣ ಬಿಸಿಲು, ಬೆವರು ಆರುತ್ತದೆ. ಅಲ್ಲಿ ಆರುವುದಿಲ್ಲ.

ಹಂತ 5: ಹೋಗುವ ದಾರಿಯನ್ನು ಬರುವ ದಾರಿಯಿಂದ ಲೆಕ್ಕ ಹಾಕಿ

ಬಳ್ಳಾರಿಯಿಂದ ಇರುಂಗಾಟ್ಟುಕೋಟ್ಟೈಗೆ ಅನಂತಪುರ, ಕದಿರಿ, ಮದನಪಲ್ಲೆ, ಚಿತ್ತೂರು ಮೂಲಕ ಹೋದರೆ ಹೆಚ್ಚುಕಡಿಮೆ 500 ಕಿ.ಮೀ. ಬೆಂಗಳೂರು ಮೂಲಕ ರಸ್ತೆ ಚೆನ್ನಾಗಿದೆ, ನೂರು ಕಿಲೋಮೀಟರ್ ಜಾಸ್ತಿ. ಕೊಯಮತ್ತೂರಿಗೆ ಬೆಂಗಳೂರು, ಸೇಲಂ ದಾಟಿ 650 ಕಿ.ಮೀ.ಗಿಂತ ಮೇಲೆ. ದೂರ ನೋಡಿ ಚೆನ್ನೈಯೇ ವಾಸಿ ಎನಿಸುತ್ತದೆ. ಮೊದಲ ದಿನದ ಟ್ರ್ಯಾಕನ್ನು ಕಿಲೋಮೀಟರ್ ಲೆಕ್ಕದಲ್ಲಿ ಆರಿಸಬೇಡಿ ಎನ್ನುವುದಷ್ಟೇ ನನ್ನ ವಾದ. ಎರಡೂ ಕಡೆಗೆ ಒಂದು ರಾತ್ರಿಯ ಪ್ರಯಾಣ ಇದ್ದೇ ಇದೆ.

ಟ್ರ್ಯಾಕಿಗೆ ಬೈಕ್ ಓಡಿಸಿಕೊಂಡು ಹೋಗಿ, ದಿನವಿಡೀ ಸುತ್ತಿ, ಅದೇ ಬೈಕಿನಲ್ಲಿ ವಾಪಸು ಬರುವ ಯೋಜನೆ ಹಾಕುವವರು ಬಹಳ. ಹೋಗುವುದೇನೋ ಹೋಗಬಹುದು. ಸಂಜೆ ಕ್ಲಚ್ ಲಿವರ್ ಮುರಿದು, ಹ್ಯಾಂಡಲ್ ಸೊಟ್ಟಗಾಗಿ, ಮಣಿಕಟ್ಟು ಊದಿಕೊಂಡರೆ ಬರುವುದು ಹೇಗೆ? ಏನೂ ಆಗದಿದ್ದರೂ ದಿನದ ಕೊನೆಗೆ ಮೈಯಲ್ಲಿ ತ್ರಾಣ ಉಳಿದಿರುವುದಿಲ್ಲ, ಕಣ್ಣು ಇನ್ನೂ ಟ್ರ್ಯಾಕಿನ ವೇಗದಲ್ಲೇ ಇರುತ್ತದೆ. ಆ ಸ್ಥಿತಿಯಲ್ಲಿ ರಾತ್ರಿ ಹೆದ್ದಾರಿ ಹಿಡಿಯುವುದು ಟ್ರ್ಯಾಕಿಗಿಂತ ಅಪಾಯ.

ನನ್ನ ಸಲಹೆ ಸರಳ: ಮೊದಲ ಸಲಕ್ಕೆ ಬೈಕನ್ನೇ ಒಯ್ಯಬೇಡಿ. ಬೈಕು, ಸೂಟ್, ಹೆಲ್ಮೆಟ್ ಎಲ್ಲವನ್ನೂ ಬಾಡಿಗೆಗೆ ಕೊಡುವ ತರಬೇತಿ ಶಾಲೆಯನ್ನು ಹುಡುಕಿ, ರೈಲಿನಲ್ಲಿ ಕೈಬೀಸಿಕೊಂಡು ಹೋಗಿ. ಕೊಪ್ಪಳ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಾಗ ಬೆಂಗಳೂರು, ಅಲ್ಲಿಂದ ಎರಡೂ ಊರಿಗೆ ರೈಲು, ಬಸ್ಸು ಬೇಕಾದಷ್ಟು. ರಾಯಚೂರಿನವರಿಗೆ ಇನ್ನೂ ಅನುಕೂಲ, ಮುಂಬೈ–ಚೆನ್ನೈ ಮುಖ್ಯ ಮಾರ್ಗ ಊರೊಳಗೇ ಹಾದುಹೋಗುತ್ತದೆ. ಗುಂತಕಲ್, ಕಡಪ, ರೇಣಿಗುಂಟ ದಾಟಿ ಅರಕ್ಕೋಣಂ ಅಥವಾ ಚೆನ್ನೈಯಲ್ಲಿ ಇಳಿದರಾಯಿತು.

ಸ್ವಂತ ಬೈಕೇ ಬೇಕೆಂದರೆ ಮೂರು ನಾಲ್ಕು ಜನ ಸೇರಿ ಒಂದು ಪಿಕಪ್ ಮಾತಾಡಿಕೊಳ್ಳಿ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹಗ್ಗ ಬಿಗಿಯಬೇಡಿ. ಬೈಕ್ ನೆಟ್ಟಗೆ ನಿಂತು, ಮುಂದಿನ ಫೋರ್ಕ್ ಅರ್ಧ ಒತ್ತುವಂತೆ ಎರಡೂ ಬದಿಗೆ ಬೆಲ್ಟ್ ಎಳೆದು ಕಟ್ಟಬೇಕು, ಬಣ್ಣಕ್ಕೆ ಬೆಲ್ಟ್ ಉಜ್ಜುವ ಕಡೆ ಹಳೆಯ ಬಟ್ಟೆ ಸಿಕ್ಕಿಸಬೇಕು. ರೈಲ್ವೆ ಪಾರ್ಸೆಲ್ ಕೂಡ ಆಗುತ್ತದೆ. ಪೆಟ್ರೋಲ್ ಪೂರ್ತಿ ತೆಗೆದಿರಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು. ಆದರೆ ಪಾರ್ಸೆಲ್ ನೀವು ಹೋಗುವ ರೈಲಿನಲ್ಲೇ ಬರುತ್ತದೆಂಬ ಭರವಸೆ ಇಲ್ಲ, ಕೆಲವು ದಿನ ಮುಂಚೆಯೇ ಕಳಿಸಿ.

ಹಂತ 6: ವಿಮೆಯ ಕಾಗದ ತೆಗೆದು ಓದಿ

ಬೈಕ್ ವಿಮೆಯ ಕಾಗದದಲ್ಲಿ ವಾಹನದ ಬಳಕೆಗೆ ಮಿತಿಗಳನ್ನು ಹೇಳುವ ಒಂದು ಪ್ಯಾರಾ ಇರುತ್ತದೆ. ಸಂಘಟಿತ ರೇಸ್, ವೇಗ ಪರೀಕ್ಷೆ ಮುಂತಾದವಕ್ಕೆ ಬಳಸಿದರೆ ವಿಮೆ ಅನ್ವಯಿಸುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಟ್ರ್ಯಾಕ್ ಡೇ ರೇಸ್ ಅಲ್ಲವಲ್ಲ ಎಂದು ಕಂಪನಿಯೊಂದಿಗೆ ವಾದಿಸಿ ಗೆಲ್ಲುವ ಆಸೆ ಇಟ್ಟುಕೊಳ್ಳಬೇಡಿ. ಬಿದ್ದರೆ ಬೈಕಿನ ಖರ್ಚು ನಿಮ್ಮದೇ ಎಂದು ಲೆಕ್ಕ ಹಾಕಿ ಹೋಗಿ. ಆರೋಗ್ಯ ವಿಮೆ, ಅಪಘಾತ ವಿಮೆಗಳಲ್ಲೂ ಅಪಾಯಕಾರಿ ಕ್ರೀಡೆಗಳ ಷರತ್ತು ಏನೆಂದು ಏಜೆಂಟರಿಂದ ಲಿಖಿತ ಉತ್ತರ ಪಡೆಯಿರಿ.

ಗಣಿ ಸುಗ್ಗಿಯ ಕಾಲದಿಂದಲೂ ಬಳ್ಳಾರಿಗೆ ದುಬಾರಿ ವಾಹನಗಳು ಹೊಸತಲ್ಲ. ಅಂಥ ಬೈಕಿದ್ದವರಿಗೊಂದು ಮಾತು: ಟ್ರ್ಯಾಕಿನಲ್ಲಿ ಬಿದ್ದಾಗ ಎಷ್ಟು ದುಡ್ಡು ಹೋಗುತ್ತದೆಂಬ ಭಯ ತಲೆಯಲ್ಲಿದ್ದರೆ ಕಲಿಕೆ ತಲೆಗೆ ಹತ್ತುವುದಿಲ್ಲ. ಅಣ್ಣನದೋ ಗೆಳೆಯನದೋ 200 ಸಿಸಿ ಬೈಕಿನಲ್ಲಿ ಕಲಿತವರು ಲೀಟರ್ (1000 ಸಿಸಿ) ಬೈಕಿನವರಿಗಿಂತ ಬೇಗ ಮುಂದೆ ಬರುತ್ತಾರೆ.

ಹಂತ 7: ವಾಹನ ಮತ್ತು ಮೈ

ಬೈಕಿನಿಂದ ಕನ್ನಡಿ, ಸೀರೆ ಗಾರ್ಡ್, ಲೆಗ್ ಗಾರ್ಡ್, ನಂಬರ್ ಪ್ಲೇಟ್ ಬಿಚ್ಚಿಡಿ. ಬಿಚ್ಚಲಾಗದ ದೀಪಗಳಿಗೆ ಟೇಪ್ ಸುತ್ತಿ, ಒಡೆದರೆ ಗಾಜು ಟ್ರ್ಯಾಕಿನ ಮೇಲೆ ಚೆಲ್ಲಬಾರದು. ಚೈನ್ ಬಿಗಿತ ಸರಿ ಮಾಡಿಸಿ. ಬ್ರೇಕ್ ಆಯಿಲ್ ಕಡ್ಡಾಯವಾಗಿ ಹೊಸದು ಹಾಕಿಸಿ. ಅದು ಗಾಳಿಯ ತೇವ ಹೀರಿಕೊಳ್ಳುವ ಸ್ವಭಾವದ್ದು. ಹಳೆಯದಾದಂತೆ ಕಡಿಮೆ ಶಾಖಕ್ಕೇ ಕುದಿಯುತ್ತದೆ, ಕುದಿದರೆ ಲಿವರ್ ಹಿಡಿಕೆಯವರೆಗೂ ಬಂದು ಬ್ರೇಕ್ ಮಾತ್ರ ಹಿಡಿಯುವುದಿಲ್ಲ. ಊರಿನ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ನಿಮಿಷಕ್ಕೆ ಆರೇಳು ಸಲ ಗಟ್ಟಿಯಾಗಿ ಬ್ರೇಕ್ ಹಿಡಿಯುವುದಿಲ್ಲ. ಸಂಡೂರು ಕಡೆ ಓಡಾಡುವ ಬೈಕಾದರೆ ಬ್ರೇಕಿನ ಕ್ಯಾಲಿಪರ್ ಬಿಚ್ಚಿ ಕೆಂಪು ಧೂಳು ತೊಳೆಸಿ, ಏರ್ ಫಿಲ್ಟರ್ ನೋಡಿಸಿ. ಟೈರ್ ಗಾಳಿಯನ್ನು ತಣ್ಣಗಿದ್ದಾಗ ಅಳೆದು ಬರೆದಿಟ್ಟುಕೊಳ್ಳಿ. ಟ್ರ್ಯಾಕಿನಲ್ಲಿ ಕಾದ ಮೇಲೆ ಏರುತ್ತದೆ, ಎಷ್ಟು ಇಳಿಸಬೇಕೆಂದು ಅಲ್ಲಿನ ತರಬೇತುದಾರರು ಹೇಳಲಿ.

ಮೈಗೆ ಚರ್ಮದ ಒಂದೇ ತುಂಡಿನ ಸೂಟ್, ಅಥವಾ ಸೊಂಟದ ಸುತ್ತ ಜಿಪ್ ಸೇರುವ ಎರಡು ತುಂಡಿನದು. ಮಣಿಕಟ್ಟು ಮುಚ್ಚುವ ಕೈಗವಸು, ಹರಡು ಮುಚ್ಚುವ ಬೂಟು, ಬೆನ್ನಿಗೆ ಪ್ರೊಟೆಕ್ಟರ್, ಫುಲ್ ಫೇಸ್ ಹೆಲ್ಮೆಟ್. ಸೂಟನ್ನು ಹೋಗುವ ವಾರ ಮನೆಯಲ್ಲೇ ಅರ್ಧ ಗಂಟೆ ತೊಟ್ಟು ಬೈಕಿನ ಮೇಲೆ ಕುಳಿತು ನೋಡಿ. ಮನೆಯವರು ನಗುತ್ತಾರೆ, ಪರವಾಗಿಲ್ಲ.

ಕಾರಿನವರಿಗೆ ಇಷ್ಟು: ಹೆಲ್ಮೆಟ್, ಬೂಟು, ತುಂಬುತೋಳಿನ ಹತ್ತಿ ಅಂಗಿ. ಜಾಕ್, ಸ್ಟೆಪ್ನಿ, ಕಾಲಡಿಯ ಮ್ಯಾಟ್, ನೀರಿನ ಬಾಟಲಿ ಎಲ್ಲ ಹೊರಗೆ. ಎಳೆದೊಯ್ಯುವ ಕೊಕ್ಕೆ ಸಿಕ್ಕಿಸಿರಬೇಕು. ಬ್ರೇಕ್ ಆಯಿಲ್ ಮಾತು ಕಾರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ, ಭಾರ ಹೆಚ್ಚಲ್ಲವೇ. ಕಾರಿಗೂ ಚಿಕ್ಕ ಟ್ರ್ಯಾಕೇ ಮೊದಲು. ಅದಕ್ಕೂ ಮುಂಚೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಒಂದು ದಿನ ಗೋ ಕಾರ್ಟ್ ಓಡಿಸಿ. ರಾಯಚೂರಿನಿಂದ ಹೈದರಾಬಾದ್ 200 ಕಿ.ಮೀ. ಅಷ್ಟೇ. ಹೊರಗಿನಿಂದ ಒಳಕ್ಕೆ, ಮತ್ತೆ ಹೊರಕ್ಕೆ ಎಂಬ ತಿರುವಿನ ಸಾಲು ಅಲ್ಲಿ ಕಡಿಮೆ ಖರ್ಚಿನಲ್ಲಿ ಕೈಗೆ ಬರುತ್ತದೆ.

ಹಂತ 8: ಟ್ರ್ಯಾಕಿನಲ್ಲಿ

ಬಾವುಟಗಳನ್ನು ರೈಲಿನಲ್ಲೇ ಬಾಯಿಪಾಠ ಮಾಡಿ. ಹಳದಿ ಎಂದರೆ ಮುಂದೆ ಅಪಾಯ, ನಿಧಾನಿಸಿ, ಯಾರನ್ನೂ ದಾಟಬೇಡಿ. ಕೆಂಪು ಎಂದರೆ ಸರದಿ ನಿಂತಿತು, ಕೈ ಎತ್ತಿ ನಿಧಾನಕ್ಕೆ ಪಿಟ್‌ಗೆ ಬನ್ನಿ. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ಟ್ರ್ಯಾಕ್ ಜಾರುತ್ತಿದೆ, ಎಣ್ಣೆಯೋ ನೀರೋ ಬಿದ್ದಿದೆ. ನೀಲಿ ಎಂದರೆ ಹಿಂದಿನಿಂದ ವೇಗದವರು ಬರುತ್ತಿದ್ದಾರೆ. ಆಗ ಗಾಬರಿಯಿಂದ ಪಕ್ಕಕ್ಕೆ ಸರಿಯಬೇಡಿ, ನಿಮ್ಮ ಸಾಲಿನಲ್ಲೇ ಹೋಗಿ, ದಾಟುವುದು ಅವರ ಕೆಲಸ. ಕಪ್ಪು ಬಾವುಟದ ನಡುವೆ ಕಿತ್ತಳೆ ವೃತ್ತ ತೋರಿಸಿದರೆ ನಿಮ್ಮ ವಾಹನದಲ್ಲೇ ಏನೋ ಕೆಟ್ಟಿದೆ, ಕೂಡಲೇ ಪಕ್ಕಕ್ಕೆ.

ಮೊದಲ ಸರದಿಯಲ್ಲಿ ಮೇಲಿನ ಗೇರುಗಳನ್ನು ಮುಟ್ಟದೆ, ಬ್ರೇಕ್ ಬಹುತೇಕ ಬಳಸದೆ ಸುತ್ತಿ. ನೀವು ಬರೆದ ಹಾಳೆಯನ್ನು ಪಿಟ್‌ನಲ್ಲಿಟ್ಟಿರಿ, ಪ್ರತಿ ಸರದಿಯ ನಂತರ ತಿದ್ದಿ. ನಕ್ಷೆಯಲ್ಲಿ ಹಸಿರು ಬಳಿದ ಜಾಗ ನಿಜದಲ್ಲಿ ತಗ್ಗು ದಿಣ್ಣೆಯಾಗಿರಬಹುದು, ಕೆಂಪು ಬಳಿದ ಗೋಡೆ ನೋಡಿದ್ದಕ್ಕಿಂತ ದೂರವಿರಬಹುದು. ಸುತ್ತಿನ ಸಮಯ ಅಳೆಯುವ ಆ್ಯಪನ್ನು ಮೊಬೈಲಿನಿಂದ ತೆಗೆದುಹಾಕಿ. ಊಟದ ನಂತರದ ಸರದಿಯಲ್ಲಿ ಮತ್ತು ದಿನದ ಕೊನೆಯ ಸರದಿಯಲ್ಲಿ ಬೀಳುವವರು ಹೆಚ್ಚು. ದುಡ್ಡು ಕೊಟ್ಟಿದ್ದೇನೆ ಎಂದು ಕೊನೆಯ ಸುತ್ತಿನವರೆಗೂ ಹಿಂಡುವ ಚಟ ನಮಗಿದೆ. ಸುಸ್ತಾಗಿದ್ದರೆ ಆ ಸರದಿ ಬಿಡಿ. ಮಜ್ಜಿಗೆ, ಓಆರ್‌ಎಸ್ ನೀರು ಬಾಯಾರುವ ಮುಂಚೆಯೇ ಕುಡಿಯುತ್ತಿರಿ.

ಎರಡನೇ ಟ್ರ್ಯಾಕ್ ಡೇಗೆ ಬೇರೆ ಟ್ರ್ಯಾಕ್ ಹುಡುಕಬೇಡಿ. ಅದೇ ಟ್ರ್ಯಾಕ್, ಸಾಧ್ಯವಾದರೆ ಅದೇ ಬೈಕು, ಅದೇ ತರಬೇತುದಾರರು. ಆ ಸಲ ಎಲ್ಲ ತಿರುವಿನಲ್ಲೂ ಬ್ರೇಕ್ ಹಿಡಿಯುವ ಜಾಗ, ಬಾಗಿಸುವ ಜಾಗ, ಥ್ರಾಟಲ್ ತೆರೆಯುವ ಜಾಗ ಮೂರನ್ನೂ ಹಾಳೆ ನೋಡದೆ ಹೇಳುವಂತಾದರೆ ಚೆನ್ನೈಗೆ ದಿನಾಂಕ ಹಿಡಿಯಿರಿ.